ತೀರ್ಪು ಹಳೆಯದಾದರೆ ಸಾಲ ತೀರುವುದೇ?

ಕಳೆದ ತಿಂಗಳ ಮೊದಲ ವಾರದಲ್ಲಿ ನಮ್ಮ ಜಮಾಅತ್‌ನ ಹಿರಿಯರೊಬ್ಬರು ಪಿಂಚಣಿಯ ಹಣ ತೆಗೆಯಲೆಂದು ಎಟಿಎಂಗೆ ಹೋದರು. ಖಾತೆಯಲ್ಲಿ ಒಂದು ಲಕ್ಷದ ಎಂಬತ್ತಾರು ಸಾವಿರ ರೂಪಾಯಿ ಇರುವುದಾಗಿ ಪರದೆಯು ತೋರಿಸುತ್ತಿತ್ತು. ಆದರೆ ಎರಡು ಸಾವಿರ ಕೇಳಿದರೂ ಯಂತ್ರ ಕೊಡಲಿಲ್ಲ. ಕಾರ್ಡು ಕೆಟ್ಟಿರಬೇಕೆಂದು ಭಾವಿಸಿ ಬ್ಯಾಂಕಿನ ಒಳಗೆ ಹೋದಾಗ ವ್ಯವಸ್ಥಾಪಕರು ಅವರನ್ನು ಕೂರಿಸಿ, ನೀರು ಕೊಟ್ಟು, ನ್ಯಾಯಾಲಯದಿಂದ ಬಂದ ಒಂದು ಆದೇಶವನ್ನು ತೋರಿಸಿದರು. 2014ರಲ್ಲಿ ಆದ ಒಂದು ಡಿಕ್ರಿಯ ಅಮಲ್ಜಾರಿಗಾಗಿ ಆ ಖಾತೆಯಲ್ಲಿರುವ ಹಣವನ್ನು ಜಪ್ತಿ ಮಾಡಲಾಗಿತ್ತು. ಮೂವತ್ತನಾಲ್ಕು ವರ್ಷ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ವರ್ಣಮಾಲೆ ತಿದ್ದಿಸಿದ ಆ ಮಾಸ್ತರರು ತಮ್ಮ ಹೆಸರಿನ ಮುಂದೆ ‘ಪ್ರತಿವಾದಿ’ ಎಂಬ ಪದವನ್ನು ಓದಿದ್ದು ಅದೇ ಮೊದಲು. ಅಂದು ಮಗ್‌ರಿಬ್ ನಮಾಝಿನ ಬಳಿಕ ಅವರು ಮಸೀದಿಯ ಕಂಬಕ್ಕೆ ಒರಗಿ ಕುಳಿತೇ ಇದ್ದರು. ವಿಷಯವೇನೆಂದು ಕೇಳಿದಾಗ, “ಉಸ್ತಾದರೇ, ನಾನು ಯಾರ ಹಣವನ್ನೂ ತಿಂದವನಲ್ಲ” ಎಂದಷ್ಟೇ ಹೇಳಿದರು.

ಅವರು ಯಾರ ಹಣವನ್ನೂ ತಿಂದವರಲ್ಲ ಎಂಬುದು ನಿಜ. 2011ರಲ್ಲಿ ಅವರ ಅಕ್ಕನ ಮಗನೊಬ್ಬನು ಸರಕು ಸಾಗಿಸುವ ಟೆಂಪೊ ಕೊಳ್ಳಲು ಒಂದು ಖಾಸಗಿ ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದನು. ಜಾಮೀನಿಗೆ ಸಂಬಳದ ನೌಕರಿಯವರೊಬ್ಬರ ಸಹಿ ಬೇಕಿತ್ತು. ಮಾಸ್ತರರು ಸಹಿ ಹಾಕಿದರು. ಟೆಂಪೊ ಎರಡು ವರ್ಷ ಓಡಿತು. ಬಳಿಕ ಕಂತುಗಳು ನಿಂತವು, ಸಂಸ್ಥೆಯವರು ವಾಹನವನ್ನು ಎಳೆದೊಯ್ದು ಮಾರಿದರು, ಹುಡುಗ ಕೊಲ್ಲಿಗೆ ಹೋದ. ಉಳಿದ ಬಾಕಿಗಾಗಿ ಸಂಸ್ಥೆಯು ಇಬ್ಬರ ಮೇಲೂ ದಾವೆ ಹೂಡಿತು. ಅಷ್ಟರಲ್ಲಿ ಮಾಸ್ತರರಿಗೆ ಬೇರೆ ತಾಲೂಕಿಗೆ ವರ್ಗವಾಗಿತ್ತು. ಸಮನ್ಸು ಅವರ ಹಳೆಯ ಬಾಡಿಗೆ ಮನೆಯ ಬಾಗಿಲಿಗೆ ಅಂಟಿ ಅಲ್ಲಿಯೇ ಮಳೆಗೆ ನೆನೆದಿರಬೇಕು. ನ್ಯಾಯಾಲಯದಲ್ಲಿ ಯಾರೂ ಹಾಜರಾಗಲಿಲ್ಲ, ಎರಡು ಲಕ್ಷದ ಮೂವತ್ತೆಂಟು ಸಾವಿರಕ್ಕೆ ಏಕಪಕ್ಷೀಯ ಡಿಕ್ರಿಯಾಯಿತು. ಇಂದು ಬಡ್ಡಿ, ಖರ್ಚು ಎಲ್ಲ ಸೇರಿ ಅದು ನಾಲ್ಕು ಲಕ್ಷದ ಹತ್ತಿರ ಬಂದು ನಿಂತಿದೆ.

ವಿಷಯ ಹರಡಲು ಹೊತ್ತಾಗಲಿಲ್ಲ. ಇಶಾದ ವೇಳೆಗೆ ಮಸೀದಿಯ ಅಂಗಳದಲ್ಲಿ ಮಾಸ್ತರರಿಗೆ ಮೂರು ಸಲಹೆಗಳು ದೊರೆತಿದ್ದವು. ಹತ್ತು ವರ್ಷದ ಹಿಂದಿನ ತೀರ್ಪಿಗೆ ಈಗ ಬೆಲೆಯಿಲ್ಲ, ಸುಮ್ಮನಿರಿ ಎಂದರು ಒಬ್ಬರು. ಇನ್ನೊಂದು ಬ್ಯಾಂಕಿನಲ್ಲಿರುವ ಠೇವಣಿಯನ್ನು ನಾಳೆಯೇ ಮುರಿದು ಮಗಳ ಹೆಸರಿಗೆ ಹಾಕಿಬಿಡಿ ಎಂದರು ಮತ್ತೊಬ್ಬರು. ಮೂರನೆಯವರು ನಮ್ಮ ಕಡೆಗೆ ತಿರುಗಿ, ಅದು ಬಡ್ಡಿಯ ಕಂಪೆನಿ, ಬಡ್ಡಿ ಹರಾಮ್, ಹಾಗಾಗಿ ಆ ಸಾಲ ಕೊಡಬೇಕೆಂದೇ ಇಲ್ಲ ಅಲ್ಲವೇ ಎಂದು ಫತ್ವಾ ಕೇಳಿದರು. ಈ ಮೂರನ್ನೂ ಹೇಳಿದವರು ಒಳ್ಳೆಯವರೇ, ಹೇಳಿದ್ದು ಪ್ರೀತಿಯಿಂದಲೇ. ಆದರೆ ಈ ಮೂರು ಮಾತುಗಳೂ ತಪ್ಪು. ಅವುಗಳಲ್ಲಿ ಎರಡಂತೂ ಆ ಹಿರಿಯರನ್ನು ಈಗಿರುವುದಕ್ಕಿಂತ ದೊಡ್ಡ ಸಂಕಟಕ್ಕೆ ದೂಡುವಂಥವು. ಮಾಸ್ತರರೊಂದಿಗೆ ನಾವೂ ವಕೀಲರ ಬಳಿಗೆ ಎರಡು ಮೂರು ಬಾರಿ ಹೋಗಿ ಬಂದುದರಿಂದ, ಅಲ್ಲಿ ತಿಳಿದುದನ್ನೂ ಮದ್ರಸದಲ್ಲಿ ಕಲಿತುದನ್ನೂ ಜೊತೆಗಿಟ್ಟು ಇಲ್ಲಿ ಬರೆಯುತ್ತಿದ್ದೇವೆ.

ತೀರ್ಪು ಹಳೆಯದೆಂಬ ಮಾತನ್ನು ಮೊದಲು ನೋಡೋಣ. ನಮ್ಮ ದೇಶದ ಕಾಲಮಿತಿ ಅಧಿನಿಯಮ 1963ರ ಅನುಸೂಚಿಯ 136ನೆಯ ವಿಧಿಯಂತೆ ಹಣದ ಡಿಕ್ರಿಯನ್ನು ಅಮಲಿಗೆ ತರಲು ಡಿಕ್ರಿದಾರನಿಗೆ ಹನ್ನೆರಡು ವರ್ಷಗಳ ಅವಕಾಶವಿದೆ. ಹನ್ನೊಂದು ವರ್ಷ ಹನ್ನೊಂದು ತಿಂಗಳು ಸುಮ್ಮನಿದ್ದು ಕೊನೆಯ ತಿಂಗಳಲ್ಲಿ ಅರ್ಜಿ ಹಾಕಿದರೂ ಅದು ಕಾಲಮಿತಿಯ ಒಳಗೇ ಬರುತ್ತದೆ. ಈ ಪ್ರಕರಣದಲ್ಲಿ ಅರ್ಜಿ ಬಿದ್ದದ್ದು 2023ರಲ್ಲಿ. ಹನ್ನೆರಡು ವರ್ಷ ದಾಟಿದರೆ ಲೋಕದ ನ್ಯಾಯಾಲಯದ ಬಾಗಿಲು ಮುಚ್ಚೀತು. ಆದರೆ ಸಾಲದ ವಿಷಯದಲ್ಲಿ ನಮಗೆ ಇನ್ನೊಂದು ನ್ಯಾಯಾಲಯವೂ ಇದೆಯಲ್ಲ. ಅಲ್ಲಿ ಕಾಲಮಿತಿಯ ವಾದ ನಡೆಯುವುದಿಲ್ಲ. ಹುತಾತ್ಮನ ಎಲ್ಲ ಪಾಪಗಳೂ ಕ್ಷಮಿಸಲ್ಪಡುವುವು, ಸಾಲವೊಂದರ ಹೊರತು ಎಂಬ ಅರ್ಥದ ಪ್ರವಾದಿ(ಸ)ವಚನವನ್ನು ಸಹೀಹ್ ಮುಸ್ಲಿಮ್ ದಾಖಲಿಸಿದೆ. ಯುದ್ಧಭೂಮಿಯಲ್ಲಿ ಚೆಲ್ಲಿದ ರಕ್ತವೂ ತೊಳೆಯಲಾಗದ ಬಾಕಿಯನ್ನು ಹತ್ತು ವರ್ಷದ ಮರೆವು ತೊಳೆದೀತೇ?

ಎರಡನೆಯ ಸಲಹೆ ಹೆಚ್ಚು ಅಪಾಯಕಾರಿ. ಹಣದ ಡಿಕ್ರಿಗಾಗಿ ಒಬ್ಬನನ್ನು ಸಿವಿಲ್ ಜೈಲಿಗೆ ಕಳುಹಿಸುವುದು ನಮ್ಮ ಕಾನೂನಿನಲ್ಲಿ ಸುಲಭವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೆಯ ಕಲಮು ಅದಕ್ಕೆ ಕಟ್ಟುನಿಟ್ಟಾದ ಷರತ್ತುಗಳನ್ನು ವಿಧಿಸಿದೆ. ಆ ಷರತ್ತುಗಳಲ್ಲಿ ಒಂದು, ದಾವೆ ಹೂಡಿದ ಮೇಲೆ ಸಾಲಗಾರನು ತನ್ನ ಸ್ವತ್ತನ್ನು ಅಪ್ರಾಮಾಣಿಕವಾಗಿ ವರ್ಗಾಯಿಸಿದ್ದರೆ ಅಥವಾ ಬಚ್ಚಿಟ್ಟಿದ್ದರೆ ಎಂಬುದೇ. ಅಂದರೆ, ಇಂದು ಜೈಲಿನ ಭಯವಿಲ್ಲದ ಒಬ್ಬ ವೃದ್ಧರು ಮಗಳ ಖಾತೆಗೆ ಠೇವಣಿ ಸಾಗಿಸಿದ ಕ್ಷಣದಿಂದ ಆ ಭಯದ ವ್ಯಾಪ್ತಿಯೊಳಗೆ ಬರುತ್ತಾರೆ. ಡಿಕ್ರಿದಾರನು ಕೇಳಿದರೆ ಆದೇಶ 21ರ ನಿಯಮ 41ರಂತೆ ತನ್ನ ಆಸ್ತಿಯ ವಿವರವನ್ನೆಲ್ಲ ಅಫಿಡವಿಟ್‌ನಲ್ಲಿ ಬರೆದುಕೊಡುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಆಗ ಏನು ಬರೆಯುವುದು? ಬಚ್ಚಿಟ್ಟ ಹಣವನ್ನು ಇಲ್ಲವೆಂದು ಪ್ರಮಾಣ ಮಾಡಿ ಹೇಳುವುದೇ? ಮಗಳನ್ನೂ ಆ ಸುಳ್ಳಿನಲ್ಲಿ ಪಾಲುಗಾರಳನ್ನಾಗಿ ಮಾಡುವುದೇ? ಕೊಡುವ ಶಕ್ತಿಯುಳ್ಳವನು ಸಾಲವನ್ನು ಮುಂದೂಡುತ್ತ ಹೋಗುವುದು ಅಕ್ರಮವೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಮುಂದೂಡುವುದೇ ಅಕ್ರಮವಾದರೆ ಅಡಗಿಸುವುದಕ್ಕೆ ಏನು ಹೆಸರು?

ಮೂರನೆಯ ಮಾತು ನಮ್ಮನ್ನು ಹೆಚ್ಚು ಕಾಡಿತು, ಏಕೆಂದರೆ ಅದು ಧರ್ಮದ ಉಡುಪು ತೊಟ್ಟು ಬಂದಿತ್ತು. ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೂರಃ ಅಲ್ ಬಕರಃದಲ್ಲಿ ಬಡ್ಡಿಯನ್ನು ನಿಷೇಧಿಸುವ ಆ ವಚನಗಳೇ, ಪಶ್ಚಾತ್ತಾಪಪಟ್ಟ ಸಾಲಿಗನಿಗೆ ಅವನ ಅಸಲು ಸಲ್ಲಬೇಕು, ಅವನೂ ಅನ್ಯಾಯ ಮಾಡಬಾರದು, ಅವನಿಗೂ ಅನ್ಯಾಯವಾಗಬಾರದು ಎಂದು ವಿಧಿಸುತ್ತವೆ. ಬಡ್ಡಿಯ ನಿಷೇಧವು ಸಾಲಗಾರನಿಗೆ ಅಸಲನ್ನು ನುಂಗುವ ಪರವಾನಗಿಯಲ್ಲ. ಟೆಂಪೊ ಕೊಂಡದ್ದು ಆ ಹಣದಿಂದ, ಎರಡು ವರ್ಷ ಅದರ ಬಾಡಿಗೆ ಉಂಡದ್ದು ಆ ಕುಟುಂಬ. ಸಾಲ ಪಡೆಯುವಾಗ ನೆನಪಾಗದ ಹರಾಮ್ ಎಂಬ ಪದ ತೀರಿಸುವಾಗ ಮಾತ್ರ ನಾಲಗೆಗೆ ಬರುವುದಾದರೆ, ಅದನ್ನು ತಖ್ವಾ ಎಂದು ಕರೆಯಲು ನಮಗೆ ನಾಚಿಕೆಯಾಗುತ್ತದೆ. ಬಡ್ಡಿಯ ಭಾಗವನ್ನು ಇಳಿಸಿಕೊಳ್ಳಲು ಮಾರ್ಗಗಳಿವೆ. ಅವನ್ನು ಮುಂದೆ ಹೇಳುತ್ತೇವೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಹದಿನೈದು ವರ್ಷಗಳಿಂದ ನಾವು ಪಾಠ ಹೇಳುತ್ತಿದ್ದೇವೆ, ಜುಮುಅದ ಮೊದಲು ಉಪನ್ಯಾಸ ಮಾಡುತ್ತಿದ್ದೇವೆ. ಬಂಧುವಿನ ನೆರವಿಗೆ ನಿಲ್ಲುವುದರ ಪುಣ್ಯವನ್ನು ಎಷ್ಟೋ ಬಾರಿ ವಿವರಿಸಿದ್ದೇವೆ. ಆದರೆ ಜಾಮೀನಿನ ಭಾರವನ್ನು ಒಮ್ಮೆಯೂ ಬಿಡಿಸಿ ಹೇಳಿದ ನೆನಪಿಲ್ಲ. ಜಾಮೀನು ನಿಂತವನು ಸಾಲಕ್ಕೆ ಹೊಣೆಗಾರನೆಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಹನಫೀ, ಶಾಫಿಈ, ಹಂಬಲೀ ವಿದ್ವಾಂಸರ ಅಭಿಪ್ರಾಯದಂತೆ ಸಾಲಿಗನು ಮೂಲ ಸಾಲಗಾರನನ್ನಾಗಲಿ ಜಾಮೀನುದಾರನನ್ನಾಗಲಿ ತನಗೆ ಬೇಕಾದವನನ್ನು ಕೇಳಬಹುದು. ಮೂಲ ಸಾಲಗಾರನು ಎದುರಿಗಿದ್ದು ಕೊಡಲು ಶಕ್ತನಾಗಿದ್ದರೆ ಮೊದಲು ಅವನನ್ನೇ ಹಿಡಿಯಬೇಕೆಂಬುದು ಇಮಾಮ್ ಮಾಲಿಕರ ಪ್ರಸಿದ್ಧ ಅಭಿಪ್ರಾಯ. ಭಾರತೀಯ ಕರಾರು ಅಧಿನಿಯಮ 1872ರ 128ನೆಯ ಕಲಮು ಕೂಡ ಜಾಮೀನುದಾರನ ಹೊಣೆಯನ್ನು ಮೂಲ ಸಾಲಗಾರನ ಹೊಣೆಗೆ ಸಮನಾಗಿಯೇ ಇರಿಸಿದೆ. ಮೊದಲು ಸಾಲಗಾರನಿಂದ ವಸೂಲು ಮಾಡಿ, ಆಮೇಲೆ ಜಾಮೀನುದಾರನ ಬಳಿಗೆ ಬನ್ನಿ ಎಂದು ಹೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಷ್ಟು ಹಿಂದೆಯೇ ತೀರ್ಪಿತ್ತಿದೆ. ಸಂಬಳದ ನೌಕರಿಯವನು ಸ್ಥಿರವಾಗಿ ಒಂದೆಡೆ ಸಿಗುತ್ತಾನೆ. ಆದ್ದರಿಂದ ಬಲೆಗೆ ಬೀಳುವವನೂ ಅವನೇ.

ಸಾಲ ತೀರಿಸದೆ ಮರಣ ಹೊಂದಿದ ಒಬ್ಬರ ಜನಾಝ ನಮಾಝಿಗೆ ಪ್ರವಾದಿ(ಸ)ರು ನಿಲ್ಲಲು ಹಿಂಜರಿದಾಗ ಅಬೂ ಖತಾದಃ(ರ)ರವರು ಆ ಎರಡು ದೀನಾರ್ ತಮ್ಮ ಹೊಣೆಯೆಂದು ಮುಂದೆ ಬಂದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದರ ಮುಂದಿನ ಭಾಗವನ್ನು ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಜಾಬಿರ್(ರ)ರವರ ವರದಿಯಂತೆ ಪ್ರವಾದಿ(ಸ)ರು ಬಳಿಕ ಅವರನ್ನು ಕಂಡು ಆ ಎರಡು ದೀನಾರ್ ಏನಾಯಿತೆಂದು ವಿಚಾರಿಸಿದರು. ಆತ ತೀರಿಕೊಂಡದ್ದು ನಿನ್ನೆಯಷ್ಟೇ ಅಲ್ಲವೇ ಎಂಬುದು ಅಬೂ ಖತಾದಃರ ಉತ್ತರವಾಗಿತ್ತು. ಮರುದಿನ ಅವರು ಸಾಲವನ್ನು ತೀರಿಸಿದ ಸುದ್ದಿ ಕೊಟ್ಟ ಮೇಲಷ್ಟೇ, ಈಗ ಮೃತನ ಚರ್ಮ ತಂಪಾಯಿತು ಎಂಬರ್ಥದ ಮಾತು ಪ್ರವಾದಿ(ಸ)ರಿಂದ ಬಂತು. ಹೊಣೆ ಹೊತ್ತ ಮಾತ್ರಕ್ಕೆ ಮುಗಿಯಲಿಲ್ಲ, ಕೊಟ್ಟಾಗ ಮುಗಿಯಿತು. ಇದನ್ನು 2011ರಲ್ಲಿಯೇ ನಾವು ಮಿಂಬರಿನ ಬಳಿ ನಿಂತು ಪೂರ್ತಿಯಾಗಿ ಹೇಳಿದ್ದರೆ ಮಾಸ್ತರರು ಸಹಿ ಹಾಕುವ ಮುನ್ನ ಪೆನ್ನನ್ನು ಒಂದು ಗಳಿಗೆ ಕೆಳಗಿಡುತ್ತಿದ್ದರೋ ಏನೋ.

ಹಾಗಾದರೆ ಮಾಸ್ತರರು ತಲೆಬಾಗಿ ಎಲ್ಲವನ್ನೂ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗಬೇಕೇ? ಇಲ್ಲ. ಓಡಿಹೋಗುವುದು ತಪ್ಪೆಂದರೆ ಸುಮ್ಮನೆ ಕೂರುವುದು ಸರಿಯೆಂದು ಅರ್ಥವಲ್ಲ. ಕಾನೂನು ಸಾಲಗಾರನಿಗೂ ಕೆಲವು ಹಕ್ಕುಗಳನ್ನು ಕೊಟ್ಟಿದೆ, ಅವನ್ನು ಕೇಳಿ ಪಡೆಯುವುದರಲ್ಲಿ ಯಾವ ಅಧರ್ಮವೂ ಇಲ್ಲ.

ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸುವಂತೆ ಆದೇಶ 9ರ ನಿಯಮ 13ರಂತೆ ಅರ್ಜಿ ಹಾಕಬಹುದು. ಅದಕ್ಕಿರುವ ಅವಧಿ ಡಿಕ್ರಿಯ ವಿಷಯ ತಿಳಿದಂದಿನಿಂದ ಮೂವತ್ತು ದಿನ ಮಾತ್ರ. ಆದ್ದರಿಂದ, ಬ್ಯಾಂಕಿನಲ್ಲಿ ಆದೇಶದ ಪ್ರತಿಯನ್ನು ನೋಡಿದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಹದಿನೈದು ದಿನ, ಬಂಧುಗಳ ಪಂಚಾಯಿತಿಯಲ್ಲಿ ಹದಿನೈದು ದಿನ ಕಳೆದರೆ ಆ ಬಾಗಿಲು ಬಿಗಿಯಾಗುತ್ತದೆ; ಆಮೇಲೆ ವಿಳಂಬಕ್ಕೆ ಕ್ಷಮೆ ಕೇಳುತ್ತ ನಿಲ್ಲಬೇಕಾಗುತ್ತದೆ. ಇನ್ನೊಂದು ಸಂಗತಿ: ಡಿಕ್ರಿಯಾಗಿ ಎರಡು ವರ್ಷ ಮೀರಿದ ಮೇಲೆ ಅಮಲ್ಜಾರಿ ಅರ್ಜಿ ಬಂದರೆ, ಸಾಮಾನ್ಯವಾಗಿ ಸಾಲಗಾರನಿಗೆ ಮೊದಲು ನೋಟೀಸು ಹೋಗಬೇಕೆಂದು ಆದೇಶ 21ರ ನಿಯಮ 22 ಹೇಳುತ್ತದೆ. ಮಾಸ್ತರರ ಪ್ರಕರಣದಲ್ಲಿ ಅದೂ ಹಳೆಯ ವಿಳಾಸಕ್ಕೇ ಹೋದಂತಿದೆ. ಅದನ್ನು ನ್ಯಾಯಾಲಯದ ಗಮನಕ್ಕೆ ತರುವುದು ವಕೀಲರ ಕೆಲಸ.

ಪಿಂಚಣಿಯ ವಿಷಯ ಇವೆಲ್ಲಕ್ಕಿಂತ ಮುಖ್ಯವಾದುದು. ಸಂಹಿತೆಯ 60ನೆಯ ಕಲಮಿನಲ್ಲಿ ಜಪ್ತಿ ಮಾಡಲಾಗದ ವಸ್ತುಗಳ ಒಂದು ದೀರ್ಘ ಪಟ್ಟಿಯಿದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ ಮತ್ತು ಅವನ ವಾಸದ ಮನೆ, ಭವಿಷ್ಯನಿಧಿ, ಸರಕಾರಿ ಪಿಂಚಣಿ. ಸಂಬಳದಲ್ಲಿಯೂ ಮೊದಲ ಸಾವಿರ ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು, ಜೀವನಾಂಶದ ಡಿಕ್ರಿಗಳ ಹೊರತು, ಮುಟ್ಟುವಂತಿಲ್ಲ. ನಿವೃತ್ತಿಯ ವೇಳೆ ಬಂದ ಹಣವನ್ನು ನಿಶ್ಚಿತ ಠೇವಣಿಯಲ್ಲಿಟ್ಟ ಮಾತ್ರಕ್ಕೆ ಅದಕ್ಕಿರುವ ರಕ್ಷಣೆ ಹೋಗದೆಂದು ಸುಪ್ರೀಂ ಕೋರ್ಟು ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ 2008ರಲ್ಲಿ ಹೇಳಿದೆ. ಆದರೆ ಉಳಿತಾಯ ಖಾತೆಗೆ ಬಂದು ಬೇರೆ ಹಣದೊಡನೆ ಬೆರೆತ ಮೇಲೆ ವಾದಕ್ಕೆ ಆಸ್ಪದ ಉಂಟಾಗುತ್ತದೆ. ಯಾವುದು ಪಿಂಚಣಿ, ಯಾವುದು ಮಗ ಕಳುಹಿಸಿದ್ದು, ಯಾವುದು ಅಡಿಕೆ ಮಾರಿದ್ದು ಎಂದು ತೋರಿಸಬೇಕಾದವರು ಖಾತೆದಾರರೇ. ಬ್ಯಾಂಕಿನವರನ್ನು ದೂರಿ ಫಲವಿಲ್ಲ. ಆದೇಶ ಬಂದ ಮೇಲೆ ಇದು ಪಿಂಚಣಿಯೆಂದು ತಾವೇ ತೀರ್ಮಾನಿಸಿ ಹಣ ಬಿಡುಗಡೆ ಮಾಡುವ ಅಧಿಕಾರ ಅವರಿಗಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು, ಪಾಸ್‌ಪುಸ್ತಕ ಹೋಗಬೇಕು, ಪಿಂಚಣಿ ಮಂಜೂರಾತಿಯ ಪತ್ರ ಹೋಗಬೇಕು. ಕೇಳದವನಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ.

ಈ ಪಟ್ಟಿಯನ್ನು ವಕೀಲರು ಓದಿ ಹೇಳುತ್ತಿದ್ದಾಗ ನಮಗೆ ಫಿಕ್‌ಹ್ ಗ್ರಂಥಗಳ ದಿವಾಳಿಯ ಅಧ್ಯಾಯ ನೆನಪಾಯಿತು. ಸಾಲಗಾರನ ಸ್ವತ್ತನ್ನು ಕಾಝಿಯು ಮಾರುವಾಗ ಅವನಿಗೆ ಉಡುವ ಬಟ್ಟೆ, ಉಣ್ಣುವ ಅನ್ನಕ್ಕೆ ಬೇಕಾದುದನ್ನು ಬಿಡಬೇಕು ಎನ್ನುತ್ತವೆ ಅವು. ವಾಸದ ಮನೆಯ ವಿಷಯದಲ್ಲಿ ಮಾತ್ರ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ನಮ್ಮ ಶಾಫಿಈ ಗ್ರಂಥಗಳು ಅದನ್ನೂ ಮಾರಬಹುದೆನ್ನುತ್ತವೆ. ಹಣ್ಣಿನ ವ್ಯಾಪಾರದಲ್ಲಿ ಸೋತು ಸಾಲದಲ್ಲಿ ಮುಳುಗಿದ ಒಬ್ಬರಿಗಾಗಿ ಪ್ರವಾದಿ(ಸ)ರು ಜನರಿಂದ ಸದಖ ಕೂಡಿಸಿದರು. ಕೂಡಿದ ಹಣ ಸಾಲಕ್ಕೆ ಸಾಲದೆ ಹೋದಾಗ, ಸಿಕ್ಕಿದ್ದನ್ನು ತೆಗೆದುಕೊಳ್ಳಿರಿ, ಇದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ಸಾಲಿಗರಿಗೆ ಹೇಳಿದರೆಂದು ಅಬೂ ಸಈದ್ ಅಲ್ ಖುದ್ರೀ(ರ) ವರದಿ ಮಾಡಿದ್ದಾರೆ.

ಇನ್ನು ರಸೀದಿಯ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಮಾಸ್ತರರ ಕಣ್ಣಲ್ಲಿ ನೀರು ಬಂದದ್ದು ಇಲ್ಲಿಯೇ. 2016ರ ರಮಝಾನಿನಲ್ಲಿ ಆ ಸಂಸ್ಥೆಯ ವಸೂಲಿಯ ಹುಡುಗನೊಬ್ಬನು ಶಾಲೆಗೇ ಬಂದಿದ್ದನಂತೆ. ಕೋರ್ಟಿನ ಮಾತನ್ನು ಅವನು ಎತ್ತಲಿಲ್ಲ, ಅಳಿಯನ ಬಾಕಿಯಿದೆ ಎಂದಷ್ಟೇ ಹೇಳಿದ. ಮಾನಕ್ಕೆ ಅಂಜಿದ ಮಾಸ್ತರರು ಸಹಕಾರಿ ಸಂಘದಿಂದ ಸಾಲ ತೆಗೆದು ಅರವತ್ತು ಸಾವಿರ ರೂಪಾಯಿಗಳನ್ನು ನಗದಾಗಿ ಅವನ ಕೈಗೆ ಕೊಟ್ಟರು. ರಸೀದಿ ಕೇಳಲಿಲ್ಲ. “ಆ ಹುಡುಗ ನನ್ನದೇ ಹಳೆಯ ವಿದ್ಯಾರ್ಥಿ, ಅವನ ಹತ್ತಿರ ಹೇಗೆ ಕೇಳುವುದು ಉಸ್ತಾದರೇ?” ಇಂದು ಸಂಸ್ಥೆಯ ಲೆಕ್ಕದಲ್ಲಿ ಆ ಅರವತ್ತು ಸಾವಿರ ಇಲ್ಲ.

ಕಾನೂನು ಈ ವಿಷಯದಲ್ಲಿ ಬಹಳ ನಿಷ್ಠುರ. ಡಿಕ್ರಿಯಾದ ಮೇಲೆ ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ಡಿಕ್ರಿದಾರನು ನ್ಯಾಯಾಲಯಕ್ಕೆ ತಿಳಿಸಿ ದಾಖಲಿಸಬೇಕು. ಅವನು ತಿಳಿಸದಿದ್ದರೆ ಕೊಟ್ಟವನೇ ಅರ್ಜಿ ಹಾಕಬಹುದು, ಅದಕ್ಕೆ ಅವಧಿ ಮೂವತ್ತು ದಿನ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯವು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎನ್ನುತ್ತದೆ ಆದೇಶ 21ರ ನಿಯಮ 2. ದಾಖಲಿಸಲು ಕೇಳುವವನ ಬಳಿಯೂ ಲಿಖಿತ ಪುರಾವೆ ಇರಬೇಕು ಅಥವಾ ಡಿಕ್ರಿದಾರನು ಒಪ್ಪಬೇಕು. ಡಿಕ್ರಿಯಾಗಿರುವುದೇ ಗೊತ್ತಿಲ್ಲದ ಒಬ್ಬ ಮನುಷ್ಯ ಇದನ್ನೆಲ್ಲ ಹೇಗೆ ಮಾಡಿಯಾನು? ಈಗ ಉಳಿದಿರುವ ದಾರಿ, ಆ ಹುಡುಗನನ್ನು ಹುಡುಕಿ ಸಂಸ್ಥೆಯಿಂದ ಒಪ್ಪಿಗೆ ಪಡೆಯುವುದು. ಸಹಕಾರಿ ಸಂಘದ ಸಾಲದ ದಾಖಲೆಯನ್ನು ಮುಂದಿಟ್ಟು ರಾಜಿಯ ಮಾತಿನಲ್ಲಿ ಅದನ್ನು ಬಳಸಿಕೊಳ್ಳುವುದು.

ಕುರ್‌ಆನಿನ ಅತಿ ದೀರ್ಘ ವಚನ ಯಾವುದು ಎಂದು ನಮ್ಮ ಮದ್ರಸದ ಐದನೇ ತರಗತಿಯ ಮಕ್ಕಳನ್ನು ಕೇಳಿದರೆ ಸರಿಯಾಗಿಯೇ ಉತ್ತರಿಸುತ್ತಾರೆ: ಅಲ್ ಬಕರಃದ 282. ಅದರ ವಿಷಯವೇನೆಂದು ಅವರ ತಂದೆಯರನ್ನು ಕೇಳಿದರೆ ಎಷ್ಟು ಮಂದಿ ಹೇಳಿಯಾರು? ಸ್ವರ್ಗ ನರಕಗಳ ವರ್ಣನೆಯಲ್ಲ, ನಮಾಝಿನ ವಿಧಿಯಲ್ಲ. ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲ ಪಡೆದವನು ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂದು ಅದು ಬಿಡಿಸಿ ಬಿಡಿಸಿ ಹೇಳುತ್ತದೆ. ಅಲ್ಲಾಹನು ತನ್ನ ಗ್ರಂಥದಲ್ಲಿ ಎಲ್ಲಕ್ಕಿಂತ ಹೆಚ್ಚು ಪದಗಳನ್ನು ವ್ಯಯಿಸಿದ ಆ ಒಂದು ವಚನವನ್ನು ನಾವು ಬರಕತ್ತಿಗಾಗಿ ಓದುತ್ತೇವೆ. ಅಂಗಡಿಯಲ್ಲಿ ರಸೀದಿ ಕೇಳಿದವನನ್ನು ನಂಬಿಕೆಯಿಲ್ಲದವನೆಂದು ಆಡಿಕೊಳ್ಳುತ್ತೇವೆ. ಮಾಸ್ತರರು ರಸೀದಿ ಕೇಳದಿದ್ದುದು ಅವರ ಸಜ್ಜನಿಕೆಯೆಂದು ಅಂಗಳದಲ್ಲಿ ಹಲವರು ಹೊಗಳಿದರು. ನಾವು ಹೊಗಳಲಾರೆವು. ಅಂದು ಒಂದು ಚೀಟಿ ಬರೆಸಿಕೊಂಡಿದ್ದರೆ ಆ ಹುಡುಗನ ಆಖಿರತ್ತೂ ಉಳಿಯುತ್ತಿತ್ತು.

ಇರುವವನು ಮತ್ತು ಇಲ್ಲದವನು, ಈ ಇಬ್ಬರನ್ನು ಬೇರ್ಪಡಿಸಿ ನೋಡುವುದರಲ್ಲಿ ನಮ್ಮ ಧರ್ಮವೂ ಈ ನೆಲದ ಕಾನೂನೂ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂಬುದು ಅಲ್ ಬಕರಃದ 280ನೆಯ ವಚನದ ಆಶಯ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಕೊಡಲು ಗತಿಯಿಲ್ಲವೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಸೆರೆಯಲ್ಲಿಡುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದರು. ಇದ್ದೂ ಕೊಡದ ಕೆಟ್ಟ ಉದ್ದೇಶ ಸಾಬೀತಾಗಬೇಕೆಂದರು. ಬಡತನ ಅಪರಾಧವಲ್ಲ, ವಂಚನೆ ಅಪರಾಧ. ಆದರೆ ಈ ರಕ್ಷಣೆ ನಿಲ್ಲುವುದು ಸಾಲಗಾರನ ಪ್ರಾಮಾಣಿಕತೆಯ ಮೇಲೆ. ಠೇವಣಿ ಬಚ್ಚಿಡಿ ಎಂದು ಸಲಹೆ ಕೊಡುವವರು ಮಾಸ್ತರರನ್ನು ಈ ಸಾಲಿನಿಂದ ಆ ಸಾಲಿಗೆ ತಳ್ಳುತ್ತಿದ್ದಾರೆಂಬುದನ್ನು ಅರಿಯಬೇಕು.

ಸಾಲಗಾರರ ಕುರಿತೇ ಬರೆಯುತ್ತ ಸಾಲಿಗರನ್ನು ಬಿಟ್ಟರೆ ಪಕ್ಷಪಾತವಾದೀತು. ನಮ್ಮಲ್ಲಿಯೂ ಡಿಕ್ರಿ ಪಡೆದವರಿದ್ದಾರೆ. ಮರದ ವ್ಯಾಪಾರ, ಮೀನಿನ ವ್ಯಾಪಾರ, ಕಟ್ಟಡದ ಗುತ್ತಿಗೆಗಳಲ್ಲಿ ಬಾಕಿ ಬಾರದೆ ನ್ಯಾಯಾಲಯಕ್ಕೆ ಹೋದವರು ಹಲವರು. ಹೋಗುವುದು ಅವರ ಹಕ್ಕು. ಡಿಕ್ರಿಯ ಜೊತೆಗೆ 34ನೆಯ ಕಲಮಿನಂತೆ ನ್ಯಾಯಾಲಯವು ಮುಂದಿನ ಬಡ್ಡಿಯನ್ನೂ ಸಾಮಾನ್ಯವಾಗಿ ಸೇರಿಸುತ್ತದೆ; ವಾಣಿಜ್ಯ ವ್ಯವಹಾರವಲ್ಲದಿದ್ದರೆ ಅದು ವರ್ಷಕ್ಕೆ ಶೇಕಡಾ ಆರನ್ನು ಮೀರುವಂತಿಲ್ಲ. ಮುಸ್ಲಿಮ್ ಡಿಕ್ರಿದಾರನೊಬ್ಬನು ಆ ಬಡ್ಡಿಯನ್ನು ಏನು ಮಾಡಬೇಕು? ನ್ಯಾಯಾಲಯ ಕೊಟ್ಟಿತೆಂದು ಅದು ಹಲಾಲ್ ಆಗುವುದಿಲ್ಲ. ಅಸಲು ಮತ್ತು ನಿಜವಾಗಿ ತಗಲಿದ ಖರ್ಚನ್ನು ತೆಗೆದುಕೊಂಡು ಬಡ್ಡಿಯನ್ನು ಬಿಟ್ಟುಕೊಡುತ್ತೇನೆಂದು ಅವನು ನ್ಯಾಯಾಲಯದಲ್ಲಿಯೇ ಲಿಖಿತವಾಗಿ ಹೇಳಬಹುದು, ಯಾವ ಕಾನೂನೂ ಅದನ್ನು ತಡೆಯುವುದಿಲ್ಲ. ಬಡ್ಡಿಯ ಬ್ಯಾಂಕನ್ನು ಬೈಯುತ್ತ ತನ್ನ ಡಿಕ್ರಿಯ ಬಡ್ಡಿಯನ್ನು ಪೈಸೆ ಬಿಡದೆ ಎಣಿಸಿಕೊಂಡವರೊಬ್ಬರನ್ನು ನಾವು ಬಲ್ಲೆವು. ಅವರು ಈ ಬರಹವನ್ನು ಓದುತ್ತಾರೆಂಬ ಭರವಸೆಯಿದೆ.

ಕಅಬ್ ಬಿನ್ ಮಾಲಿಕ್(ರ)ರವರು ತಮಗೆ ಬರಬೇಕಾದ ಸಾಲವನ್ನು ಇಬ್ನ್ ಅಬೀ ಹದ್ರದ್(ರ)ರೊಡನೆ ಮಸೀದಿಯಲ್ಲಿಯೇ ಕೇಳಿದಾಗ ಇಬ್ಬರ ದನಿಯೂ ಏರಿತು. ಪ್ರವಾದಿ(ಸ)ರು ತಮ್ಮ ಕೋಣೆಯ ಪರದೆ ಸರಿಸಿ ಹೊರಬಂದು, ಅರ್ಧ ಬಿಟ್ಟುಬಿಡು ಎಂಬಂತೆ ಕಅಬರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಒಡನೆಯೇ ಪ್ರವಾದಿ(ಸ)ರು ಸಾಲಗಾರನ ಕಡೆಗೆ ತಿರುಗಿ, ಈಗ ಎದ್ದು ಕೊಟ್ಟುಬಿಡು ಎಂದರು. ಬಿಟ್ಟುಕೊಡುವ ಮಾತು ಒಬ್ಬನಿಗೆ, ಕೊಟ್ಟುಬಿಡುವ ಮಾತು ಇನ್ನೊಬ್ಬನಿಗೆ, ಎರಡೂ ಒಂದೇ ಗಳಿಗೆಯಲ್ಲಿ. ಇಂದು ಇದಕ್ಕೆ ಅತಿ ಹತ್ತಿರವಾದುದು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ನಡೆಯುವ ಅಲ್ಲಿ ಅಮಲ್ಜಾರಿಯಲ್ಲಿರುವ ಪ್ರಕರಣಗಳನ್ನೂ ರಾಜಿಗೆ ತೆಗೆದುಕೊಳ್ಳುತ್ತಾರೆ. ಹಣಕಾಸು ಸಂಸ್ಥೆಗಳು ಹಳೆಯ ಬಾಕಿಗಳಲ್ಲಿ ಬಡ್ಡಿಯ ದೊಡ್ಡ ಪಾಲನ್ನು ಬಿಡಲು ಅಲ್ಲಿ ಒಪ್ಪುವುದುಂಟು, ಕಂತುಗಳಿಗೂ ಒಪ್ಪುವುದುಂಟು. ಒಪ್ಪಂದವು ಡಿಕ್ರಿಯಷ್ಟೇ ಬಲವುಳ್ಳದ್ದಾಗುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಆದ್ದರಿಂದ ತನ್ನಿಂದ ಆಗುವಷ್ಟಕ್ಕೆ ಮಾತ್ರ ಒಪ್ಪಬೇಕು. ವಕೀಲರ ಶುಲ್ಕಕ್ಕೆ ಗತಿಯಿಲ್ಲದವರು, ಹಾಗೆಯೇ ಆದಾಯ ಎಷ್ಟೇ ಇರಲಿ ಮಹಿಳೆಯರು, ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.

ಮಾಸ್ತರರ ಮಗಳು ಇನ್ನೊಂದು ಪ್ರಶ್ನೆ ಕೇಳಿದಳು: ಅಬ್ಬನಿಗೆ ಏನಾದರೂ ಆದರೆ ಇದು ನಮ್ಮ ತಲೆಗೆ ಬರುತ್ತದೆಯೇ? ಮೃತನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ, ತಮ್ಮ ಸ್ವಂತ ದುಡಿಮೆಯಿಂದಲ್ಲ ಎಂದು ಸಂಹಿತೆಯ 50ನೆಯ ಕಲಮು ಹೇಳುತ್ತದೆ. ಸೂರಃ ಅನ್ನಿಸಾದಲ್ಲಿಯೂ ಪಾಲು ಹಂಚುವ ಮುನ್ನ ವಸಿಯ್ಯತ್ ಮತ್ತು ಸಾಲ ತೀರಬೇಕೆಂಬ ನಿಯಮ ಮತ್ತೆ ಮತ್ತೆ ಬಂದಿದೆ. ಪಾಲಿನ ಲೆಕ್ಕವನ್ನು ಬೆರಳ ತುದಿಯಲ್ಲಿ ಹೇಳುವ ನಾವು ಆ ಒಂದು ಪದವನ್ನು ದಾಟಿ ಓದುತ್ತೇವೆ.

ಕೊನೆಗೆ ಅಕ್ಕನ ಮಗನ ಮಾತು. ಜಾಮೀನುದಾರನು ಕೊಟ್ಟ ಹಣವನ್ನು ಮೂಲ ಸಾಲಗಾರನಿಂದ ಪಡೆಯಲು ಕರಾರು ಅಧಿನಿಯಮವೂ ಫಿಕ್‌ಹ್ ಕೂಡ ಅಧಿಕಾರ ಕೊಡುತ್ತವೆ. ಜಮಾಅತ್‌ನ ಕಾರ್ಯದರ್ಶಿಯವರು ಅವನಿಗೆ ಫೋನು ಮಾಡಿದರು. ಮೊದಲ ದಿನ ಎತ್ತಲಿಲ್ಲ. ಎರಡನೆಯ ದಿನ ಎತ್ತಿ, ತಿಂಗಳಿಗೆ ಹತ್ತು ಸಾವಿರ ಕಳುಹಿಸುತ್ತೇನೆ ಎಂದಿದ್ದಾನೆ. ಈ ತಿಂಗಳದು ಬಂದಿದೆ. ಝಕಾತ್ ನಿಧಿಯಿಂದ ಮಾಸ್ತರರಿಗೆ ನೆರವಾಗಬಹುದೇ ಎಂಬ ಮಾತೂ ಸಮಿತಿಯಲ್ಲಿ ಬಂತು. ಸಾಲದಲ್ಲಿ ಸಿಲುಕಿದವರು ಝಕಾತ್‌ನ ಎಂಟು ವರ್ಗಗಳಲ್ಲಿ ಒಂದು, ಶಾಫಿಈ ಗ್ರಂಥಗಳು ಜಾಮೀನುದಾರನನ್ನೂ ಆ ವರ್ಗದಲ್ಲಿ ಚರ್ಚಿಸಿವೆ; ಆದರೆ ಅವನೂ ಮೂಲ ಸಾಲಗಾರನೂ ಇಬ್ಬರೂ ಗತಿಯಿಲ್ಲದವರಾಗಿದ್ದಾಗ. ಇಲ್ಲಿ ದುಡಿಯುವ ಅಳಿಯನಿದ್ದಾನೆ. ಆದ್ದರಿಂದ ನಿಧಿಯನ್ನು ಮುಟ್ಟುವುದು ಸದ್ಯಕ್ಕೆ ಬೇಡವೆಂಬುದು ನಮ್ಮ ಅಭಿಪ್ರಾಯವಾಗಿತ್ತು. ಸಮಿತಿಯ ಕೆಲವರಿಗೆ ಅದು ಕಠಿಣವೆನಿಸಿದೆ. ಮಾಸ್ತರರು ಮಾತ್ರ ನಮ್ಮ ಪರವಾಗಿಯೇ ಮಾತಾಡಿದರು.

ಮೂವತ್ತು ದಿನಗಳ ಒಳಗೇ ಅರ್ಜಿಗಳೆರಡೂ ಸಲ್ಲಿಕೆಯಾಗಿವೆ. ಕಳೆದ ಗುರುವಾರ ಅಸರ್ ನಮಾಝಿನ ಬಳಿಕ ಮಾಸ್ತರರು ಬಟ್ಟೆಯ ಚೀಲದಲ್ಲಿ ಹಳೆಯ ಪಾಸ್‌ಪುಸ್ತಕಗಳನ್ನೆಲ್ಲ ಹೊತ್ತು ಮದ್ರಸಕ್ಕೆ ಬಂದರು. ಮಕ್ಕಳ ಡೆಸ್ಕಿನ ಮೇಲೆ ಅವನ್ನು ಹರಡಿ, ಪಿಂಚಣಿ ಜಮೆಯಾದ ಪ್ರತಿ ಸಾಲಿನ ಅಡಿಗೂ ಅವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು, ಉತ್ತರ ಪತ್ರಿಕೆ ತಿದ್ದುವಂತೆ. 2019ರ ಎಂಟು ತಿಂಗಳ ಪುಟಗಳು ಸಿಗಲಿಲ್ಲ. ಅವುಗಳ ನಕಲಿಗೆ ಬ್ಯಾಂಕಿನವರು ಒಂದು ವಾರ ಕೇಳಿದ್ದಾರೆ. ಮುಂದಿನ ವಿಚಾರಣೆ ಅದಕ್ಕೂ ಎರಡು ದಿನ ಬಳಿಕ.